ಕಚ್ಚು ಹಾಕಿದ ಪೆಟ್ಟಿಗೆಗಳು

ಒತೀಲಿಯ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಬರುವಾಗ ಉಪ್ಪು ತಾ ಎಂದಷ್ಟೇ ಸಲೀಸಾಗಿ ಹೇಳಿದಳು: "ಇಮೆ, ನಾಳೆ ನಾಡಿದ್ದರಲ್ಲಿ ನಿಮ್ಮಪ್ಪನ ಏಳು ಪೆಟ್ಟಿಗೆ ಇಳಿಸಿಬಿಡೇ. ಒರೆಸಿ ಬಿಸಿಲಿಗೆ ಹಾಕಬೇಕು."

ಇಮೆಲ್ಡ ನಲ್ಲಿಯ ಕೆಳಗೆ ಎಪಸೋತೆ ಸೊಪ್ಪು ತೊಳೆಯುತ್ತಿದ್ದಳು. ಹುರುಳಿ ಬೇಯುವಾಗ ಹಾಕುವ ಆ ಸೊಪ್ಪಿನ ಘಾಟು ಬೆರಳಿಗೆ ಅಂಟಿತ್ತು. ಅವಳ ಕೈ ನಿಂತಿತು, ನೀರು ಹರಿಯುತ್ತಲೇ ಇತ್ತು.

"ಯಾವ ಏಳು?"

"ತಾರಸಿ ಮೆಟ್ಟಿಲ ಕೆಳಗೆ ಇಟ್ಟಿದ್ದನಲ್ಲ, ಕಚ್ಚು ಹಾಕಿ. ಒಂದಕ್ಕೆ ಒಂದು ಕಚ್ಚು, ಎರಡಕ್ಕೆ ಎರಡು, ಹಾಗೆ. ಅವನ ಎಡೆಯ ಮೆಟ್ಟಿಲು ಕಣೇ. ನೀವು ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಇಟ್ಟು ಕೆಡಿಸ್ತೀರ ಅಂತ ಅವನಿಗೆ ಹೆದರಿಕೆ."

ಇಮೆಲ್ಡ ಹೂಂ ಎಂದಳು. ನಲ್ಲಿ ನಿಲ್ಲಿಸಿದಳು. ಮತ್ತೆ ಬಿಟ್ಟಳು. ತೊಳೆದ ಸೊಪ್ಪನ್ನೇ ಇನ್ನೊಮ್ಮೆ ತೊಳೆದಳು. ಅದು ಮೂರು ಕಚ್ಚಿನ ಪೆಟ್ಟಿಗೆಯಲ್ಲಿ ಬೆಳೆದ ಸೊಪ್ಪು.

ಸತ್ತವರ ಹಬ್ಬಕ್ಕೆ ಇನ್ನು ಹತ್ತು ದಿನವಿತ್ತು. ಇಮೆಲ್ಡಳ ಅಪ್ಪ ನಸಾರಿಯೊ ತೀರಿಕೊಂಡದ್ದು ಹೋದ ವರ್ಷದ ಹಬ್ಬ ಕಳೆದ ಮೂರು ವಾರಕ್ಕೆ. ಹಾಗಾಗಿ ಇದು ಅವನಿಗೆ ಇಡುವ ಮೊದಲನೇ ಎಡೆ. ಇಸ್ತಪಲಾಪ ಬಡಾವಣೆಯ ಮನೆಗಳಲ್ಲಿ ಮೊದಲನೇ ಎಡೆಯನ್ನು ಹೇಗೋ ಒಂದು ಎಂದು ಮುಗಿಸುವುದಿಲ್ಲ. ಸತ್ತವನಿಗೆ ದಾರಿ ಹೊಸತು, ಮನೆ ಗುರುತು ಸಿಗುವ ಹಾಗೆ ಎಲ್ಲವೂ ಇರಬೇಕು: ಅವನು ಕುಡಿಯುತ್ತಿದ್ದ ಲೋಟ, ಉಣ್ಣುತ್ತಿದ್ದ ತಟ್ಟೆ, ಬೀದಿಬಾಗಿಲಿಂದ ಎಡೆಯವರೆಗೆ ಚೆಂಡುಹೂವಿನ ಎಸಳು. ಎಸಳು ಮುಗಿದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಬಟ್ಟೆ ಹೊದಿಸಿದ ಹಣ್ಣಿನ ಪೆಟ್ಟಿಗೆಗಳು. ನಸಾರಿಯೊ ತನ್ನದನ್ನು ತಾನೇ ಆರಿಸಿಟ್ಟು ಹೋಗಿದ್ದ. ಅದು ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ.

ಮೂರನೇ ಮಹಡಿಯ ಮನೆಯಿಂದ ತಾರಸಿಗೆ ಹತ್ತೊಂಬತ್ತು ಮೆಟ್ಟಿಲು. ಇಮೆಲ್ಡ ಎರಡೆರಡು ಹತ್ತಿದಳು.

ನೀರಿನ ಕಪ್ಪು ಟ್ಯಾಂಕಿನ ಪಕ್ಕ, ಬೆಳಗಿನ ಬಿಸಿಲು ಬೀಳುವ ಕಡೆ, ಏಳೂ ಸಾಲಾಗಿ ಕೂತಿದ್ದವು. ಅವಳು ನೀರು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುವವಳು. ಚೀಟಿಯಿಲ್ಲದ ಸೀಸೆಯನ್ನು ಮುಟ್ಟದ ಅಭ್ಯಾಸ ತಾರಸಿಗೂ ಬಂದಿತ್ತು. ಜನವರಿಯಲ್ಲಿ ಮಣ್ಣು ತುಂಬುವ ದಿನ ಪೆಟ್ಟಿಗೆಗಳ ಮೇಲಂಚಿನ ಪಟ್ಟಿಯಲ್ಲಿ ಚಾಕುವಿನ ಕಚ್ಚುಗಳನ್ನು ಕಂಡು, ಪೇಟೆಯವರ ಯಾವುದೋ ಲೆಕ್ಕದ ಗುರುತು ಎಂದುಕೊಂಡು, ಬೇರೆ ಚೀಟಿ ಯಾಕೆ ಎಂದು ಅವನ್ನೇ ಬಳಸಿಕೊಂಡಿದ್ದಳು. ಅವಳ ಪುಸ್ತಕದಲ್ಲಿ ಹಾಗೇ ಬರೆದಿತ್ತು. ಎರಡು ಕಚ್ಚು: ಮೂಲಂಗಿ, ಆಮೇಲೆ ಕೊತ್ತಂಬರಿ. ನಾಲ್ಕು ಕಚ್ಚು: ಪೊರೆಯೊಳಗೆ ಕಾಯುವ ಹುಳಿ ಹಸಿರು ಟೊಮ್ಯಾಟೊ, ಜುಲೈನಲ್ಲಿ ಎರಡನೇ ಬಿತ್ತನೆ. ಏಳು ಕಚ್ಚು: ಅತಿ ಚಿಕ್ಕದು, ಪುದೀನ. ಹತ್ತು ತಿಂಗಳು ಅವಳು ಅಪ್ಪನ ಎಡೆಯ ಮೆಟ್ಟಿಲುಗಳನ್ನು ಒಂದೂ ತಪ್ಪದೆ ಕ್ರಮವಾಗಿ ದಾಖಲಿಸಿದ್ದಳು.

ಒಂದು ಕಚ್ಚಿನ ದೊಡ್ಡ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದಳು. ಪಟ್ಟಿಯ ಬದಲು ಒದ್ದೆ ರೊಟ್ಟಿಯಂಥದ್ದೇನೋ ಬೆರಳಿಗೆ ಹತ್ತಿತು. ಬಗ್ಗಿ ನೋಡಿದಳು. ಮರದ ಎಳೆಗಳ ನಡುವೆ ಬಿಳಿ ಬೂಷ್ಟಿನ ನೂಲು ಬಲೆ ಕಟ್ಟಿತ್ತು. ಪ್ಲಾಸ್ಟಿಕ್ ಹಾಸಿದ್ದಳು ನಿಜ, ನೀರು ಬಸಿಯಲೆಂದು ಅದಕ್ಕೆ ತೂತು ಹೊಡೆದವಳೂ ಅವಳೇ. ತೇವ, ಬೆಚ್ಚಗಿನ ಮಳೆಗಾಲ, ಅಗ್ಗದ ಪೈನ್ ಮರ. ಬೂಷ್ಟು ತನ್ನ ಕೆಲಸ ತಾನು ಮಾಡಿತ್ತು, ಅದರ ತಪ್ಪೇನೂ ಇರಲಿಲ್ಲ. ಎರಡು ಪೂರ್ತಿ ಮೆತ್ತಗಾಗಿದ್ದವು. ಉಳಿದ ಐದು ಮಣ್ಣು ಸುರಿದರೆ ನಿಲ್ಲುತ್ತವೋ ಬೀಳುತ್ತವೋ ಹೇಳುವಂತಿರಲಿಲ್ಲ.

ಅವಳು ಕೂರಲಿಲ್ಲ. ಟ್ಯಾಂಕಿನ ಸುತ್ತ ಒಂದು ಸುತ್ತು ಬಂದಳು, ಒಣಹಾಕಿದ ಬಟ್ಟೆ ಎಳೆದು ಸರಿ ಮಾಡಿದಳು, ಮತ್ತೆ ಸುತ್ತಿದಳು.

ಅಪ್ಪ ಆ ಪೆಟ್ಟಿಗೆಗಳನ್ನು ತಂದ ಬೇಸಿಗೆ ಅವಳ ಕಣ್ಣಿಗೆ ಕಟ್ಟಿದ ಹಾಗಿತ್ತು. ನಸಾರಿಯೊ ಮೂವತ್ತೆಂಟು ವರ್ಷ ದೊಡ್ಡ ಸಗಟು ಪೇಟೆಯಲ್ಲಿ ಹಮಾಲಿ ಮಾಡಿದವನು. ಎರಡು ಚಕ್ರದ ಎತ್ತರದ ಕೈಗಾಡಿ, ಪೇಟೆಯವರ ಬಾಯಲ್ಲಿ ದೆವ್ವಗಾಡಿ, ಅದರ ಮೇಲೆ ಹತ್ತು ಹನ್ನೆರಡು ಪೆಟ್ಟಿಗೆ ಒಟ್ಟಿ ಜನರ ನಡುವೆ ಸೀಟಿ ಹೊಡೆಯುತ್ತ ಓಡುವುದು. ಎದೆಯ ಕಾಯಿಲೆ ಬಂದ ಮೇಲೂ ಹೋಗುತ್ತಿದ್ದ. ಬರುವಾಗ ಕೆಲವು ದಿನ ಬೆನ್ನಿಗೊಂದು ಖಾಲಿ ಪೆಟ್ಟಿಗೆ ಇರುತ್ತಿತ್ತು, ಪ್ರತಿ ಮಹಡಿಯಲ್ಲೂ ನಿಂತು ಉಸಿರು ತಗೊಂಡು ಹತ್ತುತ್ತಿದ್ದ. ನಾಲ್ಕನೆಯದನ್ನು ತಂದ ದಿನ ಇಮೆಲ್ಡ ಮೆಟ್ಟಿಲ ಮೇಲೇ ಸಿಡುಕಿದ್ದಳು. ಊರಿನವರು ಎಸೆದ ಕಸವೆಲ್ಲ ನಮ್ಮನೆಗೇ ಬರಬೇಕೇನಪ್ಪ ಎಂದಿದ್ದಳು. ಅವನು ಗೋಡೆಗೆ ಒರಗಿ, "ಇರಲಿ ಬಿಡು, ಬೇಕಾಗತ್ತೆ," ಎಂದಷ್ಟೇ ಹೇಳಿದ್ದ.

ಅವನು ಹೋದ ಮೇಲೆ ಆ ಮಾತು ಅವಳನ್ನು ಬಿಡಲಿಲ್ಲ. ತಾರಸಿಯ ಮೇಲೆ ಒಡಕು ಬಕೀಟು, ಹಳೇ ಟಬ್ಬುಗಳಲ್ಲಿ ಅವಳು ಗಿಡ ಬೆಳೆಸುತ್ತಿದ್ದದ್ದು ಅವನಿಗೆ ಗೊತ್ತಿತ್ತಲ್ಲ. ಬೇಕಾಗತ್ತೆ ಎಂದರೆ ನನಗೇ ಬೇಕಾಗತ್ತೆ, ಬೈಸಿಕೊಂಡೂ ನನಗಾಗಿ ಹೊತ್ತು ತಂದ ಎಂದು ಜನವರಿಯ ಒಂದು ಬೆಳಿಗ್ಗೆ ಅವಳಿಗೆ ಹೊಳೆಯಿತು. ಅಂದೇ ಮಣ್ಣು ತಂದಳು. ಬಿತ್ತಿದ್ದು, ನೀರು ಹಾಕಿದ್ದು, ಬರೆದಿಟ್ಟದ್ದು ಎಲ್ಲ ಅಪ್ಪನ ಹತ್ತಿರ ಕೇಳಿದ ಕ್ಷಮೆಯೇ ಆಗಿತ್ತು. ಈಗ ಅದೇ ಕ್ಷಮೆ ಅವನ ಎಡೆಯ ತಳವನ್ನು ತಿಂದುಹಾಕಿತ್ತು.

ಅಮ್ಮನಿಗೆ ಇದು ತಿಳಿಯುವ ಹಾಗೇ ಇರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷದಿಂದ ಅವಳು ತಾರಸಿ ಹತ್ತಿಲ್ಲ. ಎರಡೂ ಕಣ್ಣಿಗೆ ಪೊರೆ. ಮಗಳು ಪೆಟ್ಟಿಗೆಯಲ್ಲಿ ಗಿಡ ಹಾಕಿದ್ದೇನೆ ಎಂದಾಗ, ಅಕ್ಕಪಕ್ಕದವರು ಎಸೆದ ನೂರೆಂಟು ಪೆಟ್ಟಿಗೆಗಳಲ್ಲಿ ಯಾವುದೋ ಎಂದುಕೊಂಡು ಸುಮ್ಮನಾಗಿದ್ದಳು.

ಎರಡು ದಿನ ಇಮೆಲ್ಡ ನಾಳೆ ನಾಳೆ ಎಂದಳು. ಪ್ರಯೋಗಾಲಯದಲ್ಲಿ ಒಂದೇ ನೀರನ್ನು ಮೂರು ಸಲ ಪರೀಕ್ಷಿಸಿ ಮೂರು ಬೇರೆ ಉತ್ತರ ಬರೆದಳು. ಮೂರನೇ ದಿನ ರಜೆ ಹಾಕಿ ಸಗಟು ಪೇಟೆಗೆ ಹೋದಳು.

ಹೊಸ ಪೆಟ್ಟಿಗೆ ಹುಡುಕುವುದು, ಕಚ್ಚು ತಾನೇ ಹಾಕುವುದು, ಅಮ್ಮನ ಮುಂದಿಡುವುದು. ಯೋಜನೆ ಅಷ್ಟೇ. ಪೇಟೆಯಲ್ಲಿ ಎಲ್ಲಿ ನೋಡಿದರೂ ಪ್ಲಾಸ್ಟಿಕ್ಕು. ಅಪ್ಪನ ಜೊತೆಯವನಾದ ಬುಲ್ಮಾರೊ, ಪಪಾಯಿ ಅಂಗಡಿಗಳ ಹಿಂದಿನ ಕಟ್ಟೆಯ ಮೇಲೆ ಗಾಡಿಗೆ ಒರಗಿ ರೊಟ್ಟಿ ಸುತ್ತಿಕೊಂಡು ತಿನ್ನುತ್ತಿದ್ದ. ಮೋಟು ಆಳು, ಅರವತ್ತು ದಾಟಿದ್ದರೂ ಕತ್ತು ಮರದ ದಿಮ್ಮಿಯ ಹಾಗೆ. ಮರದ ಪೆಟ್ಟಿಗೆ ಏಳು ಬೇಕು, ಹಬ್ಬಕ್ಕೆ, ಎಂದು ಅವಳು ಹೇಳಿದಳು.

"ಮರದ್ದು ಅಪರೂಪ ಆಗೋಯ್ತು ತಾಯಿ," ಎಂದ ಬುಲ್ಮಾರೊ. "ನಾವು ಸಾಯೋ ಹೊತ್ತಿಗೆ ಪ್ಲಾಸ್ಟಿಕ್ಕಿನ ಮೇಲೇ ಎಡೆ ಇಡ್ತಾರೆ. ನಾನಂತೂ ಬರಲ್ಲ." ಆಮೇಲೆ ಅಗಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. "ನಿಮ್ಮಪ್ಪ ಆಗಲೇ ತಗೊಂಡು ಹೋಗಿದ್ನಲ್ಲ?"

ಇಮೆಲ್ಡ, ಇನ್ನೂ ಏಳು ಬೇಕು, ಎಡೆ ದೊಡ್ಡದು ಮಾಡ್ತೀವಿ ಎಂದಳು. ಸುಳ್ಳು ಹೇಳುವಾಗ ಅವಳ ಕಾಲು ನೆಲದ ಮೇಲೆ ಬಿದ್ದ ಎಲೆಕೋಸಿನ ಸಿಪ್ಪೆಯನ್ನು ಅತ್ತಿತ್ತ ತಳ್ಳುತ್ತಿತ್ತು.

ಬುಲ್ಮಾರೊ ಹುಡುಕಿಕೊಡುತ್ತ ನಡೆದ, ನಡೆಯುತ್ತ ಹೇಳಿದ. ಅವಳು ಕೇಳದಿದ್ದರೂ ಹೇಳಿದ. ನಸಾರಿಯೊ ತಾನು ಹೊರೆ ಹೊತ್ತ ಏಳು ಅಂಗಡಿಗಳ ಹಿಂದೆ ಬಿಸಾಕಿದ ರಾಶಿಯಿಂದ ಒಂದೊಂದನ್ನು ಆರಿಸಿದ್ದನಂತೆ. ಒಂದನ್ನೂ ಯಾರ ಹತ್ತಿರವೂ ಕೇಳಿ ಪಡೆಯಲಿಲ್ಲ, ಅದು ಅವನ ಹಟ. ಸಡಿಲವಾದ ಮೂಲೆಗೆ ತಂತಿ ಬಿಗಿದ. ಒಂದು ಮಧ್ಯಾಹ್ನ ಇದೇ ಕಟ್ಟೆಯ ಮೇಲೆ ಕೆಳಗೆ ನಾಲ್ಕು, ನಡುವೆ ಎರಡು, ಮೇಲೆ ಒಂದು ಇಟ್ಟು ನೋಡಿ, ಎದುರಿಗೆ ಕೂತು ಊಟ ಮಾಡಿದ. ಬುಲ್ಮಾರೊ, ಬದುಕಿರುವಾಗಲೇ ನಿನ್ನ ಎಡೆ ನೀನೇ ತಿನ್ನುತ್ತೀಯೇನೋ ಎಂದು ರೇಗಿಸಿದ್ದಕ್ಕೆ, ರುಚಿ ನೋಡ್ತಿದೀನಿ ಎಂದನಂತೆ.

"ಅವತ್ತೊಂದು ದಿನ ಅವನು ಅರ್ಧ ಗಂಟೆ ಕೂತಿದ್ದು ನೋಡಿದೆ ನಾನು," ಎಂದ ಬುಲ್ಮಾರೊ. "ಮೂವತ್ತೆಂಟು ವರ್ಷದಲ್ಲಿ ಅದೊಂದೇ ದಿನ."

ಏಳು ಪೆಟ್ಟಿಗೆ ಸಿಕ್ಕಿದವು. ಅವನೇ ಹಗ್ಗ ಬಿಗಿದು ಟ್ಯಾಕ್ಸಿಯ ಮೇಲೆ ಕಟ್ಟಿಕೊಟ್ಟ.

ತಾರಸಿಯ ಮೇಲೆ ಅವಳು ಹಳೆಯದರ ಪಕ್ಕ ಹೊಸದನ್ನಿಟ್ಟು, ಅಡಿಪಟ್ಟಿಯಿಂದ ಅಳೆದು, ಒಂದೊಂದು ಸೆಂಟಿಮೀಟರ್ ಬಿಟ್ಟು ಕಚ್ಚು ಹಾಕಿದಳು. ವಕ್ರವಾಗಿ ಹಾಕಬೇಕು ಎಂದು ಮನಸ್ಸಿನಲ್ಲಿತ್ತು, ಕೈ ಒಪ್ಪಲಿಲ್ಲ. ಕಾಫಿಯ ಚರಟ ತಿಕ್ಕಿದಳು, ಧೂಳು ತಿಕ್ಕಿದಳು. ಮೂಲೆಗೆ ತಂತಿ ಸುತ್ತಿದಳು. ಎರಡು ಸಲ ಬೆರಳು ಕೊಯ್ದುಕೊಂಡಳು. ನಾಲ್ಕು ಕಚ್ಚಿನ ಹಳೇ ಪೆಟ್ಟಿಗೆಯಿಂದ ಟೊಮ್ಯಾಟೊ ಬಳ್ಳಿ ಹೊಸದರ ಮೇಲೆ ಒರಗಿ ಬಂದಿತ್ತು. ಅದನ್ನು ಎತ್ತಿ ಎತ್ತಿ ಆಚೆ ಹಾಕಿದಳು, ಅದು ಮತ್ತೆ ಮತ್ತೆ ಜಾರಿ ಇತ್ತಲೇ ಬಂತು.

ಮಧ್ಯಾಹ್ನ ಏಳನ್ನೂ ಇಳಿಸಿ ಅಮ್ಮನ ಕುರ್ಚಿಯ ಪಕ್ಕ ಒಟ್ಟಿದಳು. ಒತೀಲಿಯ ಒದ್ದೆ ಬಟ್ಟೆ ಹಿಡಿದು ಕಾದಿದ್ದಳು. ಮೊದಲನೆಯದನ್ನು ತೊಡೆಯ ಮೇಲಿಟ್ಟುಕೊಂಡಳು. ಒರೆಸಿದಳು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಇನ್ನೊಂದನ್ನು ಕೇಳಿದಳು. ಆಮೇಲೆ ಐದನೆಯದನ್ನು, ಆಮೇಲೆ ಆರನೆಯದನ್ನು. ಒರೆಸುವುದನ್ನು ನಿಲ್ಲಿಸಿದಳು.

ಇಮೆಲ್ಡ ಹಬ್ಬದ ಬ್ರೆಡ್ಡು ಎಲ್ಲಿ ತರೋಣ ಎಂದು ಮಾತು ತೆಗೆದಳು. ಹೋದ ವರ್ಷದ ಅಂಗಡಿಯದು ಒಣಗಿತ್ತು ಎಂದಳು.

"ನಿಮ್ಮಪ್ಪ ಜನ್ಮದಲ್ಲಿ ಎರಡು ಕಚ್ಚು ಒಂದೇ ಸಮ ಹಾಕಿದವನಲ್ಲ," ಎಂದಳು ಒತೀಲಿಯ. "ಇದು ಅಳೆದು ಹಾಕಿದ್ದು. ಅವನವು ಎಲ್ಲಿ?"

ಇಮೆಲ್ಡ ನಿಂತಲ್ಲೇ ಮೇಜಿನ ಮೇಲಿನ ಉಪ್ಪಿನ ಭರಣಿಯನ್ನು ಎಡಕ್ಕಿಟ್ಟಳು, ಬಲಕ್ಕಿಟ್ಟಳು.

"ತಾರಸಿ ಮೇಲೆ. ಮಣ್ಣು ತುಂಬಿದೀನಿ ಅಮ್ಮ."

"ಯಾವಾಗಿಂದ?"

"ಜನವರಿ."

ಒತೀಲಿಯ ಬೆರಳು ಮಡಿಚಿ ತಿಂಗಳು ಎಣಿಸಿದಳು. "ಹಾಗಾದ್ರೆ ನಾನು ತಿಂದ ಹಸಿರು ಟೊಮ್ಯಾಟೊ?"

"ನಾಲ್ಕನೇದರಲ್ಲಿ."

"ಈ ವಾರದ ಹುರುಳಿಗೆ ಹಾಕಿದ ಸೊಪ್ಪು?"

"ಮೂರು."

ಕೆಳಗೆ ಬೀದಿಯಲ್ಲಿ ಹಳೇ ಕಬ್ಬಿಣ ಕೊಳ್ಳುವವನ ಗಾಡಿ ಕೂಗಿಕೊಂಡು ಹೋಯಿತು. ಇಮೆಲ್ಡ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಮೆಟ್ಟಿಲ ಮೇಲೆ ತಾನು ಸಿಡುಕಿದ್ದು, ಬೇಕಾಗತ್ತೆ ಎಂದದ್ದನ್ನು ತನಗೆಂದೇ ತಿಳಿದದ್ದು, ತಳ ಕೊಳೆತದ್ದು, ಪೇಟೆಗೆ ಹೋದದ್ದು. ಅಮ್ಮ ಅಳುತ್ತಾಳೆ ಇಲ್ಲವೇ ಬೈಯುತ್ತಾಳೆ ಎಂದು ಕಾದಳು. ಒತೀಲಿಯ ಎರಡೂ ಮಾಡಲಿಲ್ಲ. ತೊಡೆಯ ಮೇಲಿನ ಪೆಟ್ಟಿಗೆಯನ್ನು ಕೆಳಗಿಟ್ಟು, ಅದು ಕುಟ್ಟಿಕೊಂಡ ಸದ್ದನ್ನು ಆಲಿಸಿದಳು.

"ಇಳಿಸು," ಎಂದಳು. "ಇದ್ದ ಹಾಗೇ."

ಇಮೆಲ್ಡ ತೂಕ ಹೇಳಿದಳು. ಒದ್ದೆ ಮಣ್ಣು, ಒಂದೊಂದೂ ಮೂವತ್ತೈದು ಕಿಲೋಗೆ ಕಡಿಮೆಯಿಲ್ಲ. ತಳ ಮೆತ್ತಗಾಗಿದೆ, ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಗಿಡ ತುಂಬಿದ ಪೆಟ್ಟಿಗೆಯನ್ನು ಒಂದರ ಮೇಲೊಂದು ಇಡುವುದಾದರೂ ಹೇಗೆ?

"ಎದೆನೋವು ಇಟ್ಕೊಂಡು ಅವನು ಹತ್ತಿಸಿದ. ಇಳಿಸೋಕೆ ಆಗಲ್ವಾ? ಬುಲ್ಮಾರೊಗೆ ಫೋನ್ ಮಾಡು."

ಅಕ್ಟೋಬರದ ಕೊನೆಯ ದಿನ, ಹಬ್ಬದ ಮುನ್ನಾದಿನ, ಬೆಳಿಗ್ಗೆ ಬುಲ್ಮಾರೊ ಬಂದ, ಜೊತೆಗೆ ಪೇಟೆಯ ಇನ್ನೊಬ್ಬ ಹಳೇ ಹಮಾಲಿ ಸೆವೆರೊ. ಸೆವೆರೊ ಬಡಕಲು ಮನುಷ್ಯ, ಮಾತು ಕಡಿಮೆ. ಇಬ್ಬರ ಕೈಯಲ್ಲೂ ಹಣೆಗೆ ಕೊಟ್ಟು ಹೊರೆ ಹೊರುವ ಅಗಲದ ಪಟ್ಟಿ ಇತ್ತು. ತಾರಸಿಗೆ ಹೋಗಿ ಏಳು ಪೆಟ್ಟಿಗೆಗಳನ್ನು ನೋಡಿ ಬುಲ್ಮಾರೊ ತುಂಬ ಹೊತ್ತು ನಿಂತ. ಪೇಟೆಯಲ್ಲಿ ಕೇಳಿದ್ದು ಯಾಕೆ ಎಂದು ಈಗ ಅವನಿಗೆ ಅರ್ಥವಾಯಿತು. ಇಮೆಲ್ಡಳ ಕಡೆ ತಿರುಗಲಿಲ್ಲ.

"ಬೆನ್ನ ಮೇಲೆ ಖಾಲಿ ಪೆಟ್ಟಿಗೆ ತಂದ, ನಮಗೆ ತುಂಬಿಸಿ ಕೊಟ್ಟ," ಎಂದು ಸೆವೆರೊಗೆ ಹೇಳಿದ. "ಸತ್ತ ಮೇಲೂ ನಸಾರಿಯೊ ನಮ್ಮ ಕೈಲೇ ಹೊರಿಸ್ತಾನೆ ನೋಡು."

"ಅವನಿಗೆ ಯಾವಾಗ್ಲೂ ಭಾರದ್ದು ನಮಗೆ ದಾಟಿಸೋ ಚಾಳಿ," ಎಂದ ಸೆವೆರೊ.

ಏಳನೆಯದರಿಂದ ಶುರು ಮಾಡಿದರು. ಪುದೀನದ ಚಿಕ್ಕ ಪೆಟ್ಟಿಗೆ ಸಲೀಸಾಗಿ ಇಳಿಯಿತು. ಆರು, ಐದು. ತಳಕ್ಕೆ ಗೋಣಿ ಹಾಕಿ, ಪಟ್ಟಿ ಬಿಗಿದು, ಒಬ್ಬ ಹೊತ್ತು ಒಬ್ಬ ಹಿಂದಿನಿಂದ ಹಿಡಿದು. ಇಮೆಲ್ಡ ಅವರ ಮುಂದೆ ಓಡುವಳು, ಬಾಗಿಲು ಹಿಡಿಯುವಳು, ಹಿಂದೆ ಓಡುವಳು, ಇಲ್ಲಿ ಹಿಡೀರಿ ಮಾಮ, ಅಲ್ಲಿ ಗೋಡೆ ತಾಗತ್ತೆ ಮಾಮ ಎನ್ನುವಳು. ನಾಲ್ಕನೆಯದರ ಹೊತ್ತಿಗೆ ಬುಲ್ಮಾರೊ, ನೀನು ಸುಮ್ಮನೆ ಒಂದು ಕಡೆ ನಿಂತರೆ ಪೆಟ್ಟಿಗೆ ಅರ್ಧ ಹಗುರ ಆಗತ್ತೆ ಎಂದ.

ಒಂದು ಕಚ್ಚಿನದು ಕೊನೆಗೆ ಉಳಿದಿತ್ತು, ಎಲ್ಲಕ್ಕಿಂತ ದೊಡ್ಡದು. ಸೆವೆರೊ ಹೊತ್ತ. ಐದು ಮೆಟ್ಟಿಲು ಇಳಿದ. ಆರನೆಯದರಲ್ಲಿ ಒಂದು ಮೆದು ಸದ್ದು ಬಂತು, ಬೆಂದ ಗೆಣಸು ಮುರಿದ ಹಾಗೆ. ತಳ ಬಿಚ್ಚಿಕೊಂಡಿತು. ಗೋಣಿ ಜಾರಿತು, ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಸುರಿಯುತ್ತ ಮನೆಬಾಗಿಲವರೆಗೂ ಹೋಯಿತು. ಕಚ್ಚು ಹಾಕಿದ ಪಟ್ಟಿಯೊಂದು ಮಾತ್ರ ತಂತಿ ಸಮೇತ ಸೆವೆರೊನ ಕೈಯಲ್ಲಿ ಉಳಿಯಿತು. ಅವನು ತಪ್ಪು ಮಾಡಿದವನ ಹಾಗೆ ಅದನ್ನೇ ಹಿಡಿದು ನಿಂತ.

ಇಮೆಲ್ಡ ಪೊರಕೆ ತಂದಳು.

"ಗುಡಿಸಬೇಡ," ಎಂದಳು ಒತೀಲಿಯ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಗ್ಗಲಾಗದೆ, ಚಪ್ಪಲಿ ಬಿಟ್ಟು ಕಾಲಿನಿಂದಲೇ ಮಣ್ಣನ್ನು ಮುಟ್ಟಿ ನೋಡಿದಳು. "ಎಲ್ಲಿವರೆಗೆ ಬಿದ್ದಿದೆ?"

"ಮೇಲಿಂದ ಇಲ್ಲೀವರೆಗೂ. ಹದಿಮೂರು ಮೆಟ್ಟಿಲು."

"ಮೇಲೆ ಉಳಿದ ಆರಕ್ಕೆ ಹೂವು ಹಾಕು. ಇದರ ಮೇಲೂ ಹಾಕು. ಬೀದಿಬಾಗಿಲಿಂದ ಬರೋ ದಾರಿ ಅವನಿಗೆ ಗೊತ್ತಿದೆ. ಅವನ ಪೆಟ್ಟಿಗೆ ಹತ್ತು ತಿಂಗಳು ಇದ್ದಿದ್ದು ಮೇಲೆ. ಮೊದಲು ಅಲ್ಲಿಗೇ ಹೋಗಿ ಹುಡುಕ್ತಾನೆ."

ಎಡೆ ಏಳುವುದಕ್ಕೆ ಮಧ್ಯಾಹ್ನವಾಯಿತು. ಗಿಡದ ಪೆಟ್ಟಿಗೆಯ ಮೇಲೆ ಇನ್ನೊಂದನ್ನು ಹೇರುವಂತಿರಲಿಲ್ಲವಾದ್ದರಿಂದ, ಇಮೆಲ್ಡ ತಂದ ಹೊಸ ಪೆಟ್ಟಿಗೆಗಳೇ ಆಸರೆಯಾದವು. ಎರಡು, ಮೂರು, ನಾಲ್ಕು ನೆಲದ ಮೇಲೆ. ಅವುಗಳ ಹಿಂದೆ, ಬೋರಲು ಹಾಕಿದ ಹೊಸ ಪೆಟ್ಟಿಗೆಗಳ ಮೇಲೆ ಐದು ಮತ್ತು ಆರು. ಅದರ ಹಿಂದೆ ಗೋಡೆಗೆ ತಾಗಿ, ಒಂದರ ಮೇಲೊಂದಿಟ್ಟ ಎರಡು ಹೊಸದರ ಮೇಲೆ ಏಳು, ಪುದೀನದ ನಡುವೆ ನಸಾರಿಯೊನ ಫೋಟೋ. ಬಟ್ಟೆ ಪೂರ್ತಿ ಹೊದಿಸಲಾಗದೆ ಅಂಚಿಗೆ ಮಡಿಚಿ ಸಿಕ್ಕಿಸಿದರು. ಮುಂದಿನ ಸಾಲಿನಲ್ಲಿ ಒಂದನೆಯದರ ಜಾಗ ಖಾಲಿ ಉಳಿಯಿತು.

"ನೀನು ಕಚ್ಚು ಹಾಕಿದ್ದರಲ್ಲಿ ಒಂದನೇದು ಇದೆಯಲ್ಲ, ಅದನ್ನಿಡು," ಎಂದಳು ಒತೀಲಿಯ. "ತಟ್ಟೆ, ಲೋಟ ಇಡೋಕೆ ಗಟ್ಟಿಯಾಗಿರೋದು ಒಂದು ಬೇಕು."

ಇಮೆಲ್ಡ ಇಟ್ಟಳು. ಸೆವೆರೊ ತನ್ನ ಕೈಯಲ್ಲಿದ್ದ ಮುರುಕು ಪಟ್ಟಿಯನ್ನು ಅದರ ಮುಂದೆ ಒರಗಿಸಿದ. ನೀರು, ಉಪ್ಪು, ಬ್ರೆಡ್ಡು, ಅವನ ಸೀಟಿ, ಧೂಪ. ಹಮಾಲಿಗಳಿಬ್ಬರೂ ಪೆಟ್ಟಿಗೆಗಳ ಎದುರು ನೆಲದ ಮೇಲೆ ಕೂತು, ಒತೀಲಿಯ ಬಡಿಸಿದ್ದನ್ನು ತಿಂದರು. ಟೊಮ್ಯಾಟೊದ ಚಟ್ನಿ ಚೆನ್ನಾಗಿದೆ ಅತ್ತಿಗೆ ಎಂದು ಬುಲ್ಮಾರೊ ಇನ್ನೊಮ್ಮೆ ಹಾಕಿಸಿಕೊಂಡ. ಅದು ನಾಲ್ಕನೆಯದು ಎಂದಳು ಒತೀಲಿಯ.

ಇಮೆಲ್ಡ ಮಾತ್ರ ಕೂರಲಿಲ್ಲ. ಮೆಟ್ಟಿಲ ಮೇಲೆ ಯಾರಾದರೂ ಜಾರಿಬಿದ್ದರೆ? ಎದುರುಮನೆಯವರು ಮಣ್ಣು ತುಳಿದು ಬೈದರೆ? ಬಾಗಿಲಿಗೆ ಹೋಗಿ ನೋಡಿದಳು. ಕಪ್ಪು ಮಣ್ಣಿನ ಮೇಲೆ ಕಿತ್ತಳೆ ಎಸಳು ಮೇಲಿನವರೆಗೂ ಹಬ್ಬಿದ್ದವು, ನಡುನಡುವೆ ಬುಲ್ಮಾರೊನ ಕೆರದ ಗುರುತು. ಪೊರಕೆ ಅವಳ ಕೈಯಲ್ಲೇ ಇತ್ತು. ಅದನ್ನು ಗೋಡೆಗೆ ನಿಲ್ಲಿಸಿದಳು, ಮತ್ತೆ ಎತ್ತಿಕೊಂಡಳು. ಒಳಗೆ ಬಂದಳು. ಮೂರನೇ ಪೆಟ್ಟಿಗೆಯ ಸಂದಿಯಿಂದ ಎರೆಹುಳುವೊಂದು ಹೊರಬಿದ್ದು ಹೊಸ ಪೆಟ್ಟಿಗೆಯ ಮೇಲಿನ ಉಪ್ಪಿನ ತಟ್ಟೆಯ ಕಡೆಗೆ ಹೊರಟಿತ್ತು. ಇನ್ನು ಎರಡು ಬೆರಳು ಮುಂದೆ ಹೋದರೆ ಸುಟ್ಟುಕೊಳ್ಳುತ್ತಿತ್ತು. ಚಮಚದಲ್ಲಿ ಎತ್ತಿ ಮಣ್ಣಿಗೆ ಬಿಟ್ಟು, ಅದು ಒಳಗಿಳಿಯುವವರೆಗೆ ನೋಡಿದಳು.

"ಕೂತ್ಕೊಳೇ," ಎಂದಳು ಒತೀಲಿಯ. "ಅವನೂ ಹೀಗೇ. ತಟ್ಟೆ ಮುಂದೆ ಇಟ್ರೂ ನಿಂತೇ ಇರ್ತಿದ್ದ."

"ಕೂರ್ತೀನಿ," ಎಂದಳು ಇಮೆಲ್ಡ. ಕುರ್ಚಿಯ ತುದಿಯಲ್ಲಿ ಕೂತಳು. ಬುಲ್ಮಾರೊ ಒಂದು ರೊಟ್ಟಿಗೆ ಚಟ್ನಿ ಸವರಿ, ಸುತ್ತಿ ಅವಳ ಕೈಗೆ ಕೊಟ್ಟ. ಅರ್ಧ ತಿಂದಳು. ಅಷ್ಟರಲ್ಲಿ ಮೇಲೆ ತಾರಸಿಯ ಬಾಗಿಲು ಗಾಳಿಗೆ ಬಡಿದುಕೊಂಡಿತು. ಬರುವಾಗ ಚಿಲಕ ಹಾಕಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು, ಹಾಕಿರಲಿಲ್ಲ ಎಂಬುದೂ ಅಷ್ಟೇ ಚೆನ್ನಾಗಿ ನೆನಪಿತ್ತು. ಉಳಿದರ್ಧ ರೊಟ್ಟಿಯನ್ನು ಒಂದನೇ ಪೆಟ್ಟಿಗೆಯ ಮೇಲೆ, ಅಪ್ಪನ ತಟ್ಟೆಯಲ್ಲಿ ಇಟ್ಟು ಎದ್ದಳು. ಎಸಳು ತುಳಿಯದ ಹಾಗೆ ಮೆಟ್ಟಿಲ ಅಂಚಿನಲ್ಲಿ ಹೆಜ್ಜೆ ಇಡುತ್ತ, ಪ್ರತಿ ಐದಕ್ಕೊಮ್ಮೆ ಅಪ್ಪನ ಹಾಗೆ ನಿಂತು ಉಸಿರು ತಗೊಂಡು, ಹತ್ತತೊಡಗಿದಳು.